ತಿಮ್ಮಯ್ಯ ಸರ್ಕಲ್‌ನಿಂದ ಸನ್ನಿಸೈಡ್‌ವರೆಗೆ

ಮಡಿಕೇರಿಗೆ ಬಂದವರೆಲ್ಲ ರಾಜಾಸೀಟಿಗೆ ಓಡುತ್ತಾರೆ. ನಾವು ಮೊದಲು ಹೋಗಿದ್ದು ಜನರಲ್ ತಿಮ್ಮಯ್ಯ ಸರ್ಕಲ್‌ಗೆ. ಸುತ್ತ ಬಸ್ಸು, ಜೀಪು, ಹೋಂಸ್ಟೇ ಹುಡುಕುವ ಕಾರುಗಳು. ನಡುವೆ ಸೇನಾ ಸಮವಸ್ತ್ರದಲ್ಲಿ, ಭಾರತದ ಸೇನಾ ಮುಖ್ಯಸ್ಥರಾಗಿದ್ದ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರ ಪ್ರತಿಮೆ. ಈ ಗದ್ದಲದಲ್ಲಿ ನಿಂತು ನೋಡೋದೇ ಕಷ್ಟ, ಹಿಂದಿನಿಂದ ಹಾರ್ನ್ ಬೀಳುತ್ತಲೇ ಇರುತ್ತದೆ.

ಈ ಪ್ರತಿಮೆ ಅನಾವರಣ ಮಾಡಿದ್ದು ಫೀಲ್ಡ್ ಮಾರ್ಷಲ್ ಮಾಣೆಕ್ ಶಾ, 1973ರಲ್ಲಿ. ಅರ್ಧ ಶತಮಾನ ಅಲ್ಲಾಡದೆ ನಿಂತಿತ್ತು. 2023ರ ಆಗಸ್ಟ್‌ನಲ್ಲಿ ಒಂದು ಬೆಳಗ್ಗೆ ಬಸ್ಸೊಂದು ಗುದ್ದಿ ಪ್ರತಿಮೆ ಉರುಳಿಬಿತ್ತು. ಕೊಡಗಿನವರಿಗೆ ಅದು ಬರೀ ಟ್ರಾಫಿಕ್ ಸುದ್ದಿಯಾಗಿರಲಿಲ್ಲ, ಮನೆಯ ಹಿರಿಯರೊಬ್ಬರು ಬಿದ್ದಷ್ಟೇ ಸಂಕಟ. ರಿಪೇರಿಯಾಗಿ ಮತ್ತೆ ಅದೇ ಜಾಗಕ್ಕೆ ಬಂದಿದೆ. ಈ ಟ್ರಾಫಿಕ್ ನೋಡಿದರೆ ಆ ಜಾಗ ಸರಿಯೇ ಅನ್ನೋ ಅನುಮಾನ ನನಗಂತೂ ಇದೆ.

ಪ್ರತಿಮೆ ನೋಡಿದರೆ ಮುಖ ಗೊತ್ತಾಗುತ್ತದೆ, ಮನುಷ್ಯ ಗೊತ್ತಾಗೋಲ್ಲ. ಅದಕ್ಕೆ ಅವರು ಹುಟ್ಟಿದ ಮನೆ ಸನ್ನಿಸೈಡ್‌ಗೇ ಹೋಗಬೇಕು. ಹಿಂದೆ ಅದರಲ್ಲಿ ಸರ್ಕಾರಿ ಕಚೇರಿ ಇತ್ತು. 2021ರ ಫೆಬ್ರವರಿಯಲ್ಲಿ ಮ್ಯೂಸಿಯಂ ಆಗಿ ತೆರೆಯಿತು. ಅಂಗಳದಲ್ಲಿ ಹಳೆಯ ಟ್ಯಾಂಕ್, ಮಿಗ್-21 ವಿಮಾನ. ಟ್ಯಾಂಕಿನ ಚೈನು ನನ್ನ ಅಂಗೈಗಿಂತ ಎಷ್ಟೋ ಅಗಲ. ಮುಟ್ಟಿದರೆ ಒರಟು ಕಬ್ಬಿಣ, ಮೇಲೆ ದಪ್ಪ ಪೇಂಟು. ಪಕ್ಕದಲ್ಲಿದ್ದ ಹುಡುಗ "ಇದು ಬೆಟ್ಟ ಹತ್ತುತ್ತಾ?" ಅಂತ ಅಪ್ಪನನ್ನು ಕೇಳುತ್ತಿದ್ದ.

ಹತ್ತಿದ್ದಂತೂ ನಿಜ. ಇದಲ್ಲ, ಇದಕ್ಕಿಂತ ಚಿಕ್ಕ ಸ್ಟುವರ್ಟ್ ಟ್ಯಾಂಕು. 1948ರಲ್ಲಿ, ಪಾಕಿಸ್ತಾನದ ಜೊತೆಗಿನ ಕಾಶ್ಮೀರ ಯುದ್ಧದ ಹೊತ್ತಿಗೆ, ಕಾಶ್ಮೀರದಿಂದ ಲಡಾಖ್‌ಗೆ ದಾಟುವ ಬೆಟ್ಟದ ದಾರಿ ಜೋಜಿಲಾ ಪಾಸ್ ಎದುರಾಳಿಗಳ ಕೈಯಲ್ಲಿತ್ತು, ಲೇಹ್‌ಗೆ ರಸ್ತೆಯಿಂದ ಹೋಗುವ ದಾರಿ ಮುಚ್ಚಿಹೋಗಿತ್ತು. ಕಾಲಾಳುಗಳ ದಾಳಿ ಫಲಿಸಲಿಲ್ಲ. ಆಗ ಮೇಜರ್ ಜನರಲ್ ತಿಮ್ಮಯ್ಯ ಟ್ಯಾಂಕ್ ಹತ್ತಿಸೋಣ ಅಂದರು. ಹನ್ನೊಂದು ಸಾವಿರ ಅಡಿಗೂ ಮೇಲೆ! ತೋಪು ಕೂರಿಸಿದ ಗೋಪುರದ ಭಾಗ ಬಿಚ್ಚಿ, ಯಾರಿಗೂ ಕಾಣದಂತೆ ಮುಚ್ಚಿ, ಗುಟ್ಟಾಗಿ ಟ್ಯಾಂಕುಗಳನ್ನು ಮೇಲಕ್ಕೆ ಸಾಗಿಸಿದರು. ನವೆಂಬರ್ 1ರಂದು ದಾಳಿ. ಮುಂದಿನ ಟ್ಯಾಂಕೊಂದರಲ್ಲಿ ತಿಮ್ಮಯ್ಯ ತಾವೇ ಕೂತಿದ್ದರು. ಡಿವಿಷನ್ ನಡೆಸುವವರು ಹಿಂದೆ ಕೂತು ನಕ್ಷೆ ನೋಡಬೇಕಲ್ವಾ, ಇವರು ಕೇಳಲಿಲ್ಲ. ಅಂಥ ಎತ್ತರದಲ್ಲಿ ಟ್ಯಾಂಕು ಬರುತ್ತದೆ ಅಂತ ಎದುರಾಳಿ ಯಾಕೆ ಎಣಿಸಿಯಾನು? ಪಾಸ್ ತೆರೆಯಿತು. ಅದೇ ತಿಂಗಳಲ್ಲಿ ದ್ರಾಸ್, ಕಾರ್ಗಿಲ್ ಕೂಡ ಕೈಗೆ ಬಂದವು.

ಕೊರಿಯಾದಲ್ಲಿ ಯುದ್ಧಕೈದಿಗಳ ಆಯೋಗದ ಅಧ್ಯಕ್ಷರಾಗಿದ್ದು, 1957ರಿಂದ 1961ರವರೆಗೆ ಸೇನಾ ಮುಖ್ಯಸ್ಥರಾಗಿದ್ದು, ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಜೊತೆ ಜಟಾಪಟಿಯಾಗಿ 1959ರಲ್ಲಿ ರಾಜೀನಾಮೆ ಕೊಟ್ಟು ನೆಹರೂ ಮಾತಿಗೆ ವಾಪಸ್ ಪಡೆದದ್ದು, ಒಂದೊಂದೂ ದೊಡ್ಡ ಕಥೆ. ನನ್ನ ಮನಸ್ಸು ಮಾತ್ರ ಸೈಪ್ರಸ್ ಹತ್ತಿರ ನಿಂತಿತು. ನಿವೃತ್ತಿಯಾದ ಮೇಲೆ ಸುಮ್ನೆ ಕಾಫಿ ತೋಟ ನೋಡಿಕೊಂಡಿರಬಹುದಿತ್ತು. 1964ರಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆ ನಡೆಸಲು ಅಲ್ಲಿಗೆ ಹೋದರು. 1965ರ ಡಿಸೆಂಬರ್ 18ರಂದು ಅಲ್ಲೇ ಹೃದಯಾಘಾತವಾಗಿ ತೀರಿಕೊಂಡರು. ಸೈಪ್ರಸ್ ಮರುವರ್ಷ ಅವರ ಅಂಚೆಚೀಟಿ ತಂದಿತು. ಲಾರ್ನಕಾ ಊರಲ್ಲಿ ಅವರ ಹೆಸರಿನ ರಸ್ತೆಯಿದೆ.

ಬೆಂಗಳೂರಲ್ಲೂ ಇದೆ. ರಿಚ್ಮಂಡ್ ರಸ್ತೆಯ ಅಧಿಕೃತ ಹೆಸರು ಜನರಲ್ ತಿಮ್ಮಯ್ಯ ರಸ್ತೆ. ಆಟೋದವರಿಗೆ ಹಾಗಂದು ನೋಡಿ, "ಎಲ್ಲಿ ಸಾರ್ ಅದು?" ಅಂತಾರೆ.