ಎರಡು ರೂಪಾಯಿಯ ಬಂಡವಾಳ ಖಾತೆ

ನಾನು ಕೊನೆಯ ವರ್ಷದ ಬಿ.ಕಾಂ.ನಲ್ಲಿದ್ದಾಗ, 1983ರ ಚಳಿಗಾಲದ ಒಂದು ಸಂಜೆ, ಕಾಲೇಜಿನ ಹಿಂದಿನ ಅಂಗಳದಲ್ಲಿ ಬಿಳಿ ಪರದೆ ಕಟ್ಟಿದ್ದರು. ಅಕೌಂಟೆನ್ಸಿ ಮೇಷ್ಟ್ರು ಅವರಿವರನ್ನು ಹಿಡಿದು ಒಂದು 16 ಎಂ.ಎಂ. ಪ್ರೊಜೆಕ್ಟರನ್ನೂ, ಹಳ್ಳಿಯ ಹಾಲಿನ ಸೊಸೈಟಿಯ ಕಥೆಯಿರುವ ‘ಮಂಥನ್’ ಎಂಬ ಹಿಂದಿ ಚಿತ್ರದ ರೀಲಿನ ಡಬ್ಬಗಳನ್ನೂ ತರಿಸಿದ್ದರು. ಸುತ್ತಲ ಹಳ್ಳಿಗಳ ಹಾಲಿನ ಸೊಸೈಟಿಯವರಿಗೂ ಹೇಳಿ ಕಳಿಸಿದ್ದರಿಂದ ಅಂಗಳದಲ್ಲಿ ವಿದ್ಯಾರ್ಥಿಗಳಿಗಿಂತ ರೈತರೇ ಹೆಚ್ಚಿದ್ದರು. ಹಿಂದಿ ಯಾರಿಗೂ ಅಷ್ಟಾಗಿ ಬರುತ್ತಿರಲಿಲ್ಲ. ಆದರೂ ಪರದೆಯ ಮೇಲೆ ಗಿರೀಶ ಕಾರ್ನಾಡರ ಮುಖ ಕಂಡಾಗ ‘ನಮ್ಮೋರು, ನಮ್ಮೋರು’ ಎಂದು ಹಿಂದಿನ ಸಾಲಿನಿಂದ ಕೂಗು ಬಂತು. ಹಾಲು ಅಳೆಯುವ ದೃಶ್ಯ ಬಂದಾಗ ಮಾತ್ರ ಎಲ್ಲರೂ ಗಪ್‌ಚುಪ್. ಅದು ಅವರಿಗೆ ದಿನಬೆಳಗಿನ ವ್ಯವಹಾರ.

ಮರುದಿನ ಮೊದಲನೇ ಪೀರಿಯಡ್ಡು. ಮೇಷ್ಟ್ರು ಹಾಜರಿ ಕೂಡ ಕರೆಯದೆ ಕೇಳಿದರು: ‘ನಿನ್ನೆ ನೋಡಿದ ಸಿನಿಮಾಕ್ಕೆ ಪ್ರೊಡ್ಯೂಸರ್ ಯಾರು?’ ಹುಡುಗರು ಶ್ಯಾಮ್ ಬೆನಗಲ್ ಎಂದರು. ಅಲ್ಲ, ಅವರು ನಿರ್ದೇಶಕರು ಎಂದು ತಲೆಯಾಡಿಸಿ, ಕಪ್ಪುಹಲಗೆಯ ಮೇಲೆ ‘ಬಂಡವಾಳ ಖಾತೆ’ ಎಂದು ಬರೆದು, ಅದರ ಕೆಳಗೆ 5,00,000 × 2 = 10,00,000 ಎಂದು ಗೀಚಿದರು. ಗುಜರಾತಿನ ಹಾಲು ಸಹಕಾರ ಸಂಘಗಳ ಐದು ಲಕ್ಷ ರೈತರು ತಲಾ ಎರಡು ರೂಪಾಯಿ ಹಾಕಿ 1976ರಲ್ಲಿ ಮಾಡಿಸಿದ ಚಿತ್ರ ಅದು. ಶುರುವಿನಲ್ಲಿ ಪರದೆಯ ಮೇಲೆ ಹಾಗೆಂದು ಬರೆದೂ ಇತ್ತು. ನಾವು ಯಾರೂ ಓದಿರಲಿಲ್ಲ. ‘ಈ ಐದು ಲಕ್ಷ ಜನಕ್ಕೆ ಲೆಕ್ಕ ಒಪ್ಪಿಸಬೇಕಾದವನು ಯಾರೋ ಒಬ್ಬ ಇರ್ತಾನಲ್ಲ, ಅವನ ಜಾಗದಲ್ಲಿ ಕೂತು ಇವತ್ತಿನ ಲೆಕ್ಕ ಮಾಡಿ’ ಎಂದರು. ಆ ಗಂಟೆ ಪೂರ್ತಿ ಸಿನಿಮಾ ಒಂದರ ಆದಾಯ, ವೆಚ್ಚ, ಬಾಕಿಗಳ ಲೆಕ್ಕ ನಡೆಯಿತು. ಸಿನಿಮಾ ಅಂದರೆ ಹೀರೋ, ಹೀರೋಯಿನ್ನು ಅಂದುಕೊಂಡಿದ್ದ ನನಗೆ ಅಲ್ಲೊಂದು ಕುರ್ಚಿ ಖಾಲಿ ಇದೆ, ಅದರಲ್ಲಿ ನಾನೂ ಕೂರಬಹುದು ಎಂದು ಮೊದಲ ಬಾರಿಗೆ ಅನ್ನಿಸಿತು.

ನಮ್ಮ ಅಪ್ಪ ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಗುಮಾಸ್ತರು. ಕಿರ್ದಿ (ದಿನದ ಲೆಕ್ಕದ ಪುಸ್ತಕ), ಖಾತೆ ಎಂಬ ಮಾತುಗಳು ಮನೆಯಲ್ಲಿ ಉಪ್ಪು, ಹುಳಿಯಷ್ಟೇ ಬಳಕೆಯವು. ಆದರೆ ತರಗತಿಯಲ್ಲಿದ್ದ ಆರು ಹುಡುಗಿಯರಲ್ಲಿ ಒಬ್ಬಳಾದ ನನಗೆ ಬ್ಯಾಂಕ್ ಪರೀಕ್ಷೆ ಬಿಟ್ಟು ಬೇರೆ ದಾರಿ ಇದೆ ಎಂದು ಹೇಳಿದವರು ಮೇಷ್ಟ್ರು ಒಬ್ಬರೇ.

ಆ ದಾರಿ 1986ರಲ್ಲಿ ಮುಂಬಯಿಗೆ ಕರೆದೊಯ್ದಿತು. ಮಾತುಂಗಾದ ಚಿಕ್ಕಮ್ಮನ ಮನೆಯಲ್ಲಿ ಇದ್ದುಕೊಂಡು ಆ್ಯಡ್ ಫಿಲ್ಮ್ ಮಾಡುವ ಒಂದು ಸಣ್ಣ ಕಂಪನಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದೆ. 35 ಎಂ.ಎಂ. ಫಿಲ್ಮು ನಿಮಿಷಕ್ಕೆ 90 ಅಡಿ ಓಡುತ್ತದೆ. ಅಂದರೆ 30 ಸೆಕೆಂಡಿನ ಒಂದು ಜಾಹೀರಾತು ಎಂದರೆ ಬರೀ 45 ಅಡಿ. ಆ 45 ಅಡಿಗಾಗಿ ಸಾವಿರಗಟ್ಟಲೆ ಅಡಿ ತೆಗೆಯುತ್ತಿದ್ದರು. ಸೋಪಿನ ಮೇಲೆ ನೀರಿನ ಹನಿ ಸರಿಯಾಗಿ ಜಾರಲಿಲ್ಲವೆಂದು ಇಡೀ ಮಧ್ಯಾಹ್ನ ಕಳೆದದ್ದನ್ನು ಕಂಡಿದ್ದೇನೆ. ಮೊದಮೊದಲು ದುಂದು ಅನ್ನಿಸುತ್ತಿತ್ತು. ವರ್ಷ ಕಳೆದ ಮೇಲೆ ತಿಳಿಯಿತು: ಆ ಹನಿಗಾಗಿ ಬೆಳಕು, ಲೆನ್ಸು, ಅಡುಗೆಯವರು, ವ್ಯಾನಿನ ಡ್ರೈವರು, ಕ್ಲೈಂಟಿನ ಕಡೆಯ ಹತ್ತು ಜನ, ಇಷ್ಟನ್ನೂ ಒಂದೇ ಹೊತ್ತಿಗೆ ಒಂದೇ ಕಡೆ ನಿಲ್ಲಿಸುವುದೇ ಪ್ರೊಡ್ಯೂಸರನ ಕಲೆ. ಆ ಕಲೆಯನ್ನು ನಾನು ಕಲಿತದ್ದು ಜಾಹೀರಾತಿನಲ್ಲೇ. ಜಾಹೀರಾತಿನ ಕೆಲಸವನ್ನು ಕೀಳು ಎಂದು ನೋಡುವ ಸಾಕ್ಷ್ಯಚಿತ್ರದ ಗೆಳೆಯರೊಂದಿಗೆ ಈ ವಿಷಯಕ್ಕೆ ನಾನು ಇವತ್ತಿಗೂ ಜಗಳವಾಡುತ್ತೇನೆ.

ಜಗಳಕ್ಕೆ ನನ್ನ ಕೈಯಲ್ಲಿರುವ ದೊಡ್ಡ ಸಾಕ್ಷಿ ಬೆನಗಲ್ ಅವರೇ. ಅವರ ತಂದೆ ಕರ್ನಾಟಕ ಮೂಲದ ಫೋಟೋಗ್ರಾಫರು, ಇವರು ಬೆಳೆದದ್ದು ಹೈದರಾಬಾದಿನಲ್ಲಿ. 1959ರಲ್ಲಿ ಮುಂಬಯಿಯ ಲಿಂಟಾಸ್ ಜಾಹೀರಾತು ಸಂಸ್ಥೆಗೆ ಕಾಪಿರೈಟರ್ ಆಗಿ ಸೇರಿದರು. ಮುಂದೆ ಅವರು ಮಾಡಿದ ಜಾಹೀರಾತು ಚಿತ್ರಗಳು ಮತ್ತು ಪ್ರಾಯೋಜಿತ ಸಾಕ್ಷ್ಯಚಿತ್ರಗಳ ಸಂಖ್ಯೆ 900 ದಾಟುತ್ತದೆ. ‘ಅಂಕುರ್’ ಕಥೆಯನ್ನು ಜೋಳಿಗೆಯಲ್ಲಿಟ್ಟುಕೊಂಡು ದಶಕಕ್ಕೂ ಹೆಚ್ಚು ಕಾಲ ಅಲೆದರು. ಕೊನೆಗೆ ದುಡ್ಡು ಹಾಕಿದ್ದು ಯಾರು? ಥಿಯೇಟರುಗಳಿಗೆ ಜಾಹೀರಾತು ಚಿತ್ರಗಳನ್ನು ಹಂಚುತ್ತಿದ್ದ ಬ್ಲೇಜ್ ಎಂಬ ಕಂಪನಿ. ಟೆಂಟ್ ಸಿನಿಮಾದಲ್ಲಿ ನ್ಯೂಸ್ ರೀಲ್ ಮುಗಿದು, ಅಸಲು ಚಿತ್ರ ಶುರುವಾಗುವ ಮುಂಚೆ ಟೂತ್‌ಪೇಸ್ಟು, ಬೆಂಕಿಪೊಟ್ಟಣಗಳ ಜಾಹೀರಾತು ಬರುತ್ತಿತ್ತಲ್ಲ, ಅಂಥ ವ್ಯವಹಾರದ ದುಡ್ಡು. ಬ್ಲೇಜ್‌ನ ಲಲಿತ್ ಬಿಜಲಾನಿ ಮತ್ತು ಫ್ರೇನಿ ವರಿಯಾವ ಆ ಚಿತ್ರದ ನಿರ್ಮಾಪಕರು. 1974ರಲ್ಲಿ ಬಂದ ‘ಅಂಕುರ್’ಗೆ ಮೂರು ರಾಷ್ಟ್ರ ಪ್ರಶಸ್ತಿಗಳು ಬಂದವು. ಅದರಲ್ಲಿ ನಟಿಸಿದ ಶಬಾನಾ ಅಜ್ಮಿ ಎಲ್ಲರಿಗೂ ನೆನಪಿದ್ದಾರೆ. ಬ್ಲೇಜ್‌ನವರ ಹೆಸರು ಯಾರಿಗೆ ನೆನಪಿದೆ? ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ.

‘ಮಂಥನ್’ ಹುಟ್ಟಿದ್ದೂ ಇದೇ ಹಾದಿಯಲ್ಲಿ. ಹಾಲಿನ ಕ್ರಾಂತಿಯ ಬಗ್ಗೆ ಸಾಕ್ಷ್ಯಚಿತ್ರ ಮಾಡಿಕೊಟ್ಟಿದ್ದ ಬೆನಗಲ್ ಅವರಿಗೆ, ಸಾಕ್ಷ್ಯಚಿತ್ರದಲ್ಲಿ ಹಿಡಿಸಲಾರದ್ದು ಇನ್ನೂ ಎಷ್ಟೋ ಇದೆ ಅನ್ನಿಸಿತು. ಅಮುಲ್ ಹಾಲಿನ ಸಹಕಾರ ಚಳವಳಿಯ ಮುಂದಾಳು ವರ್ಗೀಸ್ ಕುರಿಯನ್ ಅವರು ಎರಡು ರೂಪಾಯಿಯ ಉಪಾಯ ಹುಡುಕಿದರು. ಇನ್ನು ಆ ಚಿತ್ರಕ್ಕೆ ಕ್ಯಾಮೆರಾ ಹಿಡಿದ ಗೋವಿಂದ ನಿಹಲಾನಿ ಛಾಯಾಗ್ರಹಣ ಕಲಿತದ್ದು ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ, ಪಳಗಿದ್ದು ಮೈಸೂರಿನ ವಿ.ಕೆ. ಮೂರ್ತಿಯವರ ಕೈಕೆಳಗೆ. ಮೂರ್ತಿಯವರೂ ಅದೇ ಪಾಲಿಟೆಕ್ನಿಕ್ಕಿನವರು. ನಮ್ಮ ಅಂಗಳದ ಪರದೆಯ ಮೇಲೆ ಅಂದು ಎಷ್ಟೊಂದು ಕನ್ನಡ ನಾಡಿತ್ತು ಎಂಬುದು ನನಗೆ ಗೊತ್ತಾಗಲು ಹತ್ತು ವರ್ಷ ಬೇಕಾಯಿತು.

ನಾನು ನಿರ್ಮಾಪಕಿಯಾದ ಮೊದಲ ಸಾಕ್ಷ್ಯಚಿತ್ರ ಅಮೃತ್ ಮಹಲ್ ಕಾವಲುಗಳ, ಅಂದರೆ ಆ ತಳಿಯ ದನಗಳಿಗೆಂದು ಬಿಟ್ಟ ಹುಲ್ಲುಗಾವಲುಗಳ ಬಗ್ಗೆ. ಮೈಸೂರು ಅರಸರ ದನಗಳ ಇಲಾಖೆಯಾದ ‘ಬೆಣ್ಣೆ ಚಾವಡಿ’ಗೆ ಟಿಪ್ಪು ಅಮೃತ್ ಮಹಲ್ ಎಂದು ಹೆಸರಿಟ್ಟ. ದಂಡಿನ ಫಿರಂಗಿ ಎಳೆದ ಎತ್ತುಗಳ ತಳಿ ಅದು. ನಮ್ಮ ಸೀಮೆಯ ಹುಲ್ಲುಗಾವಲುಗಳಲ್ಲಿ ಆ ಹಸುಗಳನ್ನು ನೋಡುತ್ತ ಬೆಳೆದವಳು ನಾನು. ದುಡ್ಡು ಕೊಡುತ್ತೇವೆಂದಿದ್ದ ಸಂಸ್ಥೆಯೊಂದು ನಡುವೆ ಕೈಬಿಟ್ಟಿತು. ನಿರ್ದೇಶಕ ಊಟ ಬಿಟ್ಟು ಕೂತುಬಿಟ್ಟ. ಆಗ ನೆನಪಾದದ್ದು ಆ್ಯಡ್ ಕಂಪನಿಗಳ ಕಪಾಟಿನಲ್ಲಿ ಉಳಿದುಬಿದ್ದಿರುವ ತುಂಡು ಫಿಲ್ಮುಗಳು. ನಾವು ಅದನ್ನು ಶಾರ್ಟ್ ಎಂಡ್ ಎನ್ನುತ್ತೇವೆ. ಆರು ಕಂಪನಿಗಳ ಬಾಗಿಲು ತಟ್ಟಿ ಅಡಿಗೆ ಇಷ್ಟು ಎಂದು ಕೊಟ್ಟು ತಂದೆ. ಬಿಟ್ಟಿ ಕೊಡುತ್ತೇವೆಂದವರ ಹತ್ತಿರವೂ ರಸೀದಿ ಬರೆಸಿಕೊಂಡೆ. 100 ಅಡಿಯ ತುಂಡೆಂದರೆ ಒಂದು ನಿಮಿಷ, ಏಳು ಸೆಕೆಂಡು. ಅಷ್ಟರೊಳಗೆ ಮುಗಿಯುವಂಥ ದೃಶ್ಯಗಳನ್ನೇ ತೆಗೆಯಬೇಕಾಯಿತು. ಒಬ್ಬ ಮುದುಕ ಹಸುವಿನ ಹೆಸರು ಹಿಡಿದು ಕೂಗುತ್ತಾನೆ, ಗುಡ್ಡದಾಚೆಯಿಂದ ಅದು ಓಡಿಬಂದು ಅವನ ಹೆಗಲಿಗೆ ಮೂತಿ ಇಡುತ್ತದೆ. ಅಷ್ಟು ಹೊತ್ತಿಗೆ ತುಂಡು ಮುಗಿದು ಕ್ಯಾಮೆರಾ ಖಾಲಿ ಓಡುತ್ತಿತ್ತು. ಆ ದೃಶ್ಯ ಇವತ್ತು ನೋಡಿದರೂ ನನಗೆ ಕಣ್ಣು ತುಂಬುತ್ತದೆ.

ಮೂರು ಮಳೆಗಾಲ ಹಿಡಿಯಿತು. ಜಾಹೀರಾತಿನಲ್ಲಿ ಕಾಯುವುದೆಂದರೆ ನಷ್ಟ, ಸಾಕ್ಷ್ಯಚಿತ್ರದಲ್ಲಿ ಕಾಯುವುದೇ ಕೆಲಸ. ಹಸು ಈಯುವ ತನಕ ಕಾಯಬೇಕು, ಮುದುಕನಿಗೆ ಮಾತಾಡುವ ಮನಸ್ಸು ಬರುವ ತನಕ ಕಾಯಬೇಕು. ಆ ಕಾಯುವ ದಿನಗಳಿಗೆ ಅನ್ನ ಹಾಕಿದ್ದು ನಡುನಡುವೆ ಮುಂಬಯಿಗೆ ಓಡಿ ಮಾಡಿಕೊಟ್ಟ ಬಿಸ್ಕತ್ತು, ಪೇಂಟಿನ ಜಾಹೀರಾತುಗಳು.

2023ರ ಮಾರ್ಚಿನಲ್ಲಿ ‘ದಿ ಎಲಿಫೆಂಟ್ ವಿಸ್ಪರರ್ಸ್’ಗೆ ಆಸ್ಕರ್ ಬಂದ ಬೆಳಿಗ್ಗೆ ನಾನು ಟಿ.ವಿ. ಮುಂದೆ ಕೂತಿದ್ದೆ. ನಮ್ಮ ಬಂಡೀಪುರಕ್ಕೆ ಅಂಟಿಕೊಂಡ ಮುದುಮಲೈಯ ಬೊಮ್ಮನ್, ಬೆಳ್ಳಿ ದಂಪತಿ ಸಾಕಿದ ಆನೆಮರಿಗಳ ಕಥೆ. ನಿರ್ದೇಶಕಿ ಕಾರ್ತಿಕಿ ಗೊನ್ಸಾಲ್ವಿಸ್ ಮಾತು ಮುಗಿಸಿ, ನಿರ್ಮಾಪಕಿ ಗುನೀತ್ ಮೊಂಗಾ ಬಾಯಿ ತೆರೆಯುವಷ್ಟರಲ್ಲಿ ವಾದ್ಯಮೇಳ ಶುರುವಾಗಿ ಅವರ ಮಾತು ನಿಂತುಹೋಯಿತು. ಹಾಪುಡ್ ಕಡೆಯ ಹಳ್ಳಿ ಹೆಂಗಸರ ಸ್ಯಾನಿಟರಿ ಪ್ಯಾಡ್ ಘಟಕದ ಬಗ್ಗೆ 2019ರಲ್ಲಿ ಆಸ್ಕರ್ ಗೆದ್ದ ಕಿರುಚಿತ್ರದ ಹಿಂದೆಯೂ ಇದ್ದ ಹೆಣ್ಣುಮಗಳು ಈಕೆ. ಆ ಮಾತು ಕೇಳಬೇಕಿತ್ತು ಎಂದು ನನಗೆ ದಿನವಿಡೀ ಅನ್ನಿಸಿತು. ನಮ್ಮ ರಾಷ್ಟ್ರ ಪ್ರಶಸ್ತಿಗಳಲ್ಲಿ ಉತ್ತಮ ಚಿತ್ರಕ್ಕೆ ಕೊಡುವ ಕಮಲದ ಪದಕ ನಿರ್ಮಾಪಕರಿಗೊಂದು, ನಿರ್ದೇಶಕರಿಗೊಂದು. ಈ ಕ್ರಮ ನನಗೆ ಬಹಳ ಹಿಡಿಸುತ್ತದೆ.

ನಮ್ಮ ಕಾವಲಿನ ಚಿತ್ರಕ್ಕೂ ಒಂದು ಪ್ರಶಸ್ತಿ ಬಂತು. ಫಲಕ ತೆಗೆದುಕೊಂಡು ಮೇಷ್ಟ್ರ ಮನೆಗೆ ಹೋದೆ. ಆಗ ಅವರು ನಿವೃತ್ತರಾಗಿ, ಒಂದು ಕಣ್ಣಿಗೆ ಪೊರೆ ಬಂದಿತ್ತು. ಫಲಕವನ್ನು ಕೈಯಲ್ಲಿ ಹಿಡಿದು, ಬೆರಳಾಡಿಸಿ, ದೇವರ ಗೂಡಿನ ಪಕ್ಕ ಇಟ್ಟು ಕೇಳಿದರು: ‘ಕಿರ್ದಿ ತಂದಿದ್ದೀಯೇನಮ್ಮಾ?’

ತಂದಿದ್ದೆ. ಅವರು ಕೇಳುತ್ತಾರೆಂದು ನನಗೆ ಗೊತ್ತಿತ್ತು. ಕಿಟಕಿ ಹತ್ತಿರ ಕುರ್ಚಿ ಎಳೆದುಕೊಂಡು, ಮೂರು ಮಳೆಗಾಲದ ಲೆಕ್ಕವನ್ನು ಒಂದೂವರೆ ಗಂಟೆ ಓದಿದರು. ಮೇಷ್ಟ್ರ ಹೆಂಡತಿ ಎರಡು ಸಲ ಕಾಫಿ ತಂದಿಟ್ಟರು, ಎರಡೂ ಆರಿದವು. ಮುದುಕನಿಗೆ ಕೊಟ್ಟ ದಿನಗೂಲಿ, ಹಸುವಿಗೆ ತಂದ ಹಿಂಡಿ, ತುಂಡು ಫಿಲ್ಮಿನ ರಸೀದಿಗಳು, ಎಲ್ಲವನ್ನೂ ಬೆರಳಿಟ್ಟು ನೋಡಿದರು. ಒಂದು ಪುಟದಲ್ಲಿ ಬೆರಳು ನಿಂತಿತು.

‘ಅಜ್ಜಂಪುರದ ಬಸ್ ಸ್ಟ್ಯಾಂಡಿನ ಟೀ, 42 ರೂಪಾಯಿ. ಎರಡು ಸಲ ಬಿದ್ದಿದೆ ನೋಡು.’

ನೋಡಿದೆ. ಬಿದ್ದಿತ್ತು. ಅವರು ಮೇಜಿನ ಖಾನೆಯಿಂದ ಕೆಂಪು ಶಾಯಿಯ ಪೆನ್ನು ತೆಗೆದು ನನ್ನ ಕೈಗೆ ಕೊಟ್ಟರು. ನಾನು ಅಲ್ಲೇ ನೆಲದ ಮೇಲೆ ಕೂತು, ಎರಡನೆಯದರ ಮೇಲೆ ಗೆರೆ ಎಳೆದು, ತಾರೀಖು ಹಾಕಿ ರುಜು ಮಾಡಿದೆ.