ಮೂಲೆಯಿಂದ ಮೂಲೆಗೆ

20 ಅಕ್ಟೋಬರ್ 2024, ಭಾನುವಾರ

ಹಳೇ ಕರ್ಟನ್‌ಗಳ ಆಯುಷ್ಯ ಮುಗಿಯಿತು. ಜೂನಿನಲ್ಲಿ ಹಿಡಿದ ಬೂಷ್ಟು ಎರಡು ಸಲ ಬಿಸಿನೀರಿಗೆ ಹಾಕಿ ಉಜ್ಜಿದರೂ ಹೋಗಲಿಲ್ಲ. ಸ್ಪ್ರಿಂಗ್ ತಂತಿ ತುಕ್ಕು ಹಿಡಿದು ಮೇಲಂಚಿಗೆಲ್ಲ ಕಂದು ಗೆರೆ. ಹುತ್ತರಿ ಹಬ್ಬಕ್ಕೆ ನೆಂಟರು ಬರುವ ಮೊದಲು ಹೊಸತು ಹಾಕಲೇಬೇಕು ಅಂತ ಬೆಳಿಗ್ಗೆ ಟೇಪು ಹಿಡಿದು ಕೂತೆ.

ಮೊದಲು ಅತ್ತೆಯ ಹೊಲಿಗೆ ಡಬ್ಬದ ಟೇಪು ತೆಗೆದುಕೊಂಡಿದ್ದೆ. ಅದು ಎಳೆದೆಳೆದು ಉದ್ದವಾಗಿದೆ, ಅರವತ್ತು ಇಂಚು ಅಂತ ಬರೆದದ್ದು ಸ್ಟೀಲ್ ಟೇಪಿನಲ್ಲಿ ಅರವತ್ತೊಂದು ಬಂತು. ಇಷ್ಟು ವರ್ಷ ನಮ್ಮ ರವಿಕೆಗಳೆಲ್ಲ ಸಡಿಲವಾಗುತ್ತಿದ್ದ ಗುಟ್ಟು ಇದೇ ಇರಬೇಕು.

ಹಾಲಿನ ಕಿಟಕಿ ಸುಲಭ. ಅಗಲ 47½ ಇಂಚು, ರಾಡು ಎರಡೂ ಕಡೆ ಆರಾರು ಇಂಚು ಆಚೆ ಹೋಗಬೇಕು, ಅಂದರೆ 60. ನೆರಿಗೆ ಬೀಳಬೇಕಾದರೆ ಬಟ್ಟೆ ಅದರ ಎರಡರಷ್ಟಾದರೂ ಬೇಕು. 48 ಇಂಚು ಅಗಲದ ಬಟ್ಟೆಯಲ್ಲಿ ಮೂರು ಪಟ್ಟಿ. ಮೇಲೆ ಕೆಳಗೆ ಮಡಿಕೆ ಸೇರಿ ಒಂದೊಂದು 75 ಇಂಚು, ಒಟ್ಟು ಹತ್ತಿರ ಹತ್ತಿರ ಆರು ಮೀಟರ್. ಕಾಟನ್ ಆದ್ದರಿಂದ ಹೊಲಿಯುವ ಮೊದಲೇ ನೆನೆಸಿ ಒಣಗಿಸಬೇಕು, ಇಲ್ಲದಿದ್ದರೆ ಮೊದಲ ಒಗೆತಕ್ಕೇ ಕಿಟಕಿಯ ಮೊಣಕಾಲು ಕಾಣುತ್ತದೆ. ರಿಂಗು ಸಮಸಂಖ್ಯೆಯಲ್ಲೇ ಇರಲಿ, ಆಗ ಎರಡೂ ಅಂಚು ಗೋಡೆಯ ಕಡೆ ತಿರುಗುತ್ತವೆ ಅಂತ ಕುಶಾಲನಗರದ ಅಂಗಡಿಯ ಹುಡುಗ ಹೇಳಿದ್ದು ನೆನಪಿಟ್ಟು ಬರೆದುಕೊಂಡೆ.

ಕಷ್ಟ ಶುರುವಾದದ್ದು ಪುಟ್ಟಿಯ ಕೋಣೆಯಲ್ಲಿ. ಅವಳಿಗೆ ಕರ್ಟನ್ ಬೇಡ, ರೋಲರ್ ಬ್ಲೈಂಡ್ ಬೇಕು, ಅದೂ ಚೌಕಟ್ಟಿನ ಒಳಗೇ ಕೂರಬೇಕು. ಹಾಗಾದರೆ ಅಗಲ ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆದು ಕಡಿಮೆ ಬಂದದ್ದನ್ನು ಕೊಡಿ, ಮೂಲೆಯಿಂದ ಮೂಲೆಗೂ ಅಳೆಯಿರಿ ಅಂದಿದ್ದ ಅದೇ ಹುಡುಗ. ಅಗಲ ಮೂರೂ ಕಡೆ 47½. ಎತ್ತರ ಎಡಕ್ಕೂ ಬಲಕ್ಕೂ 53½. ಖುಷಿಯಾಯಿತು. ಆಮೇಲೆ ಮೂಲೆಯಿಂದ ಮೂಲೆಗೆ ಹಿಡಿದೆ. ಒಂದು ಕಡೆ 72. ಇನ್ನೊಂದು ಕಡೆ 71¼.

ಮತ್ತೆ ಅಳೆದೆ. ಪುಟ್ಟಿಯನ್ನು ಕರೆದು ಟೇಪಿನ ತುದಿ ಹಿಡಿಸಿದೆ. ಮುಕ್ಕಾಲು ಇಂಚು ಹೋಗಲೇ ಇಲ್ಲ. ದಾರಕ್ಕೆ ಒಂದು ನಟ್ಟು ಕಟ್ಟಿ ಮೇಲಿನ ಮೂಲೆಯಿಂದ ಇಳಿಬಿಟ್ಟೆ, ಕೆಳಗೆ ಬರುವಷ್ಟರಲ್ಲಿ ದಾರಕ್ಕೂ ಮರಕ್ಕೂ ನಡುವೆ ಅರ್ಧ ಇಂಚು. ಹಲಸಿನ ಮರದ ಚೌಕಟ್ಟು ಹಾಗೇ ಇದೆ, ಒಂದಿಂಚೂ ಕುಗ್ಗಿಲ್ಲ, ಬರೀ ವಾಲಿದೆ. ಇಳಿಜಾರಿನ ಕಡೆಗೆ.

ಅತ್ತೆ ಬಾಗಿಲಲ್ಲಿ ನಿಂತಿದ್ದರು. "ಎಂತ ಅದು, ಕಿಟಕಿಗೆ ನೇಣು ಹಾಕ್ತಿದ್ದೀಯ?"

"ಅತ್ತೆ, ಈ ಕಿಟಕಿ ಮೊದಲಿಂದಲೂ ಹೀಗೇ ವಾಲಿತ್ತಾ?"

"ಮೊದಲಿಂದ್ಲೇ. ಆ ಆಚಾರಿ ಮಧ್ಯಾಹ್ನದ ಮೇಲೆ ನೆಟ್ಟಗೆ ನಿಲ್ತಿರಲಿಲ್ಲ, ಮತ್ತೆ ಕಿಟಕಿ ಹೇಗೆ ನಿಲ್ತದೆ?"

ನಗಬೇಕಿತ್ತು. ಆದರೆ ಉತ್ತರ ತೀರಾ ಬೇಗ ಬಂತು. 2018ರ ಆಗಸ್ಟಿನಲ್ಲಿ ಮಕ್ಕಂದೂರಿನ ಕಡೆ ಗುಡ್ಡ ಕುಸಿದಾಗ ನಾವು ಮಡಿಕೇರಿಯಲ್ಲಿ ನಾದಿನಿ ಮನೆಯಲ್ಲಿ ಒಂಬತ್ತು ದಿನ ಇದ್ದೆವಲ್ಲ, ವಾಪಸು ಬಂದಾಗ ಅಡುಗೆಮನೆಯ ಹಿಂದೆ ಗೆರೆಯಷ್ಟೇ ಬಿರುಕಿತ್ತು. ಸಿಮೆಂಟು ಬಳಿದು ಮುಚ್ಚಿದೆವು. ಅದರ ಮಾತು ಈ ಮನೆಯಲ್ಲಿ ಯಾರೂ ಎತ್ತುವುದಿಲ್ಲ.

ಮಧ್ಯಾಹ್ನ ಮಾವನ ಕಾಫಿ ಲೆಕ್ಕದ ಪುಸ್ತಕ ಹುಡುಕಿದೆ. ಸೊಳ್ಳೆ ನೆಟ್ಟು ಹಾಕಿಸಲು 2011ರಲ್ಲಿ ಅವರು ಎಲ್ಲ ಕಿಟಕಿಗಳ ಅಳತೆ ಹಿಂದಿನ ಪುಟದಲ್ಲಿ ಬರೆದಿದ್ದು ನನಗೆ ಗೊತ್ತಿತ್ತು. ಸಿಕ್ಕಿತು. ಮೂಡಣ ಕೋಣೆ, ಅಂದರೆ ಪುಟ್ಟಿಯದು, 47½, 53½. ಕೂಲಿಯ ಲೆಕ್ಕದಷ್ಟೇ ಚೊಕ್ಕ. ನನ್ನ ಅಳತೆಗೂ ಅದಕ್ಕೂ ಒಂದು ನೂಲೂ ವ್ಯತ್ಯಾಸವಿಲ್ಲ. ಏನು ಪ್ರಯೋಜನ? ಅಗಲ, ಎತ್ತರ ಎರಡೂ ಹಾಗೇ ಇದ್ದುಕೊಂಡೇ ವಾಲಬಹುದಲ್ಲ. ಮೂಲೆಯಿಂದ ಮೂಲೆಗೆ ಅಳೆಯಬೇಕು ಅಂತ ನೆಟ್ಟು ಹಾಕುವವನು ಮಾವನಿಗೆ ಯಾಕೆ ಹೇಳಿರುತ್ತಾನೆ.

ಇವರಿಗೆ ಹೇಳಿದರೆ "ಬ್ಲೈಂಡ್ ಬೇಡ, ಕರ್ಟನ್ ಹಾಕು, ಗೊತ್ತಾಗಲ್ಲ" ಅಂದರು. ನಿಜ, ಉದ್ದ ಕರ್ಟನ್ ಎಲ್ಲವನ್ನೂ ಮುಚ್ಚುತ್ತದೆ. ಮಣ್ಣಿನ ಗೋಡೆಗೆ ಪ್ಲಗ್ ನಿಲ್ಲದ್ದಕ್ಕೆ ರೀಪಿನ ತುಂಡೊಂದನ್ನು ಚೌಕಟ್ಟಿಗೇ ಬಿಗಿದು, ಅದರ ಮೇಲೆ ಬ್ರಾಕೆಟ್ ಕೂರಿಸುವುದಂತೆ. ರಾಡು ಮಟ್ಟವಾಗಿದ್ದರೆ ಬಟ್ಟೆ ನೆಟ್ಟಗೆ ಇಳಿಯುತ್ತದೆ, ಆಗ ಪಕ್ಕದ ಮರ ವಾಲಿದ್ದು ಇನ್ನೂ ಎದ್ದು ಕಾಣುವುದಿಲ್ಲವಾ ಅಂತ ಕೇಳಿದೆ. ಉತ್ತರ ಬರಲಿಲ್ಲ, ಕ್ರಿಕೆಟ್ಟು.

ಅಂಗಡಿಯ ಹುಡುಗ ಸಂಜೆ ಎರಡು ಸಲ ಮೆಸೇಜು ಹಾಕಿದ, ಅಕ್ಕ ಅಳತೆ ಕಳಿಸಿ ಅಂತ. ಹಾಲಿನದ್ದು ಕಳಿಸಿದೆ.

ರಾತ್ರಿ ಅಕ್ಕಿ ರೊಟ್ಟಿ ತಟ್ಟುತ್ತಾ ಅತ್ತೆಯೇ ಮಾತು ಎತ್ತಿದರು. "ಆ ಕಿಟಕಿ ಬಾಗಿಲು ಮಳೆಗಾಲದಲ್ಲಿ ಮಾತ್ರ ಹಿಡ್ಕೊಳ್ಳೋದು. ಮರ ಉಬ್ತದೆ, ಅಷ್ಟೇ." ಹೌದು, ಉಬ್ಬುತ್ತದೆ. ಒಣಗಿದರೆ ಸಡಿಲವಾಗುತ್ತದೆ. ಹಾಗಾದರೆ ಬೇಸಿಗೆಯಲ್ಲಿ ಸಲೀಸಾಗಿ ತೆರೆದಿರಬೇಕು. ಮಾರ್ಚಿನಲ್ಲಿ ತೋಟದಲ್ಲಿ ಕಾಫಿ ಹೂ ಬಿಟ್ಟಾಗ ಮನೆಯ ಕಿಟಕಿಗಳನ್ನೆಲ್ಲ ತೆರೆದಿಟ್ಟಿದ್ದೆವು, ಆ ವಾಸನೆಗೆ. ಹಾಲಿನದ್ದು ನೆನಪಿದೆ, ನಮ್ಮ ಕೋಣೆಯದ್ದೂ. ಪುಟ್ಟಿಯ ಕೋಣೆಯದ್ದನ್ನು ಎಳೆದದ್ದು ನಾನೇ, ಬಂತಾ, ಇಲ್ಲ ಅವಳು ಬೇಡಮ್ಮಾ ಗಟ್ಟಿ ಇದೆ ಅಂದಳಾ