ಕೆರೆ ನಕ್ಷೆ, ಪ್ರಗತಿ ಲಾಗ್: ಲೋಕಲ್‌ನಲ್ಲಿ ಓಡಿದ್ದು ಸರ್ವರ್‌ನಲ್ಲಿ 404 (ಫೈಲು ಸಿಗಲಿಲ್ಲ) ಯಾಕೆ?

ಈಗಿನ ಸ್ಥಿತಿ: ಬೆಂಗಳೂರಿನ ಕೆರೆಗಳ ನಕ್ಷೆ, ಕೋಡಿನ ರೆಪೊಸಿಟರಿಯಿಂದಲೇ ಸೈಟು ಒದಗಿಸುವ ಗಿಟ್‌ಹಬ್ ಪೇಜಸ್ ಮೇಲೆ ತೆರೆಯುತ್ತಿದೆ. ಮಾರ್ಕರ್, ಕೆರೆಯ ಅಂಚು, ಕನ್ನಡ ಫಾಂಟು ಮೂರೂ ಬರುತ್ತಿವೆ. ಹತ್ತಿರದ ಮಾರ್ಕರ್‌ಗಳನ್ನು ಒಂದು ಗುಂಪಾಗಿ ತೋರಿಸುವ ಕ್ಲಸ್ಟರ್ ಪ್ಲಗಿನ್ ಸರಿಹೋಗಿದೆ. ಹೊಸ ಡಿಪ್ಲಾಯ್ (ಹೊಸ ಆವೃತ್ತಿಯನ್ನು ಸರ್ವರ್‌ಗೆ ಏರಿಸುವುದು) ಆದಮೇಲೆ ಹಳೆಯ ಟ್ಯಾಬ್‌ನಲ್ಲಿ ವಿವರದ ಪುಟ ತೆರೆಯದ ತೊಂದರೆಗೆ ಅರ್ಧ ಪರಿಹಾರ ಮಾತ್ರ ಸಿಕ್ಕಿದೆ.

ಸಾಮಗ್ರಿ: ನಕ್ಷೆ ತೋರಿಸುವ ಲೈಬ್ರರಿ ಲೀಫ್‌ಲೆಟ್ 1.9.4, ಬಂಡ್ಲರ್ (ಕೋಡಿನ ಫೈಲುಗಳನ್ನು ಕಟ್ಟಿ ಸರ್ವರ್‌ಗೆ ಸಿದ್ಧಮಾಡುವ ಸಾಧನ) ಆಗಿ ವೀಟ್, ಫ್ರೇಮ್‌ವರ್ಕ್ ಇಲ್ಲದ ಸಾದಾ ಜಾವಾಸ್ಕ್ರಿಪ್ಟ್, ಕೆರೆಗಳ ಗಡಿ ಇರುವ ಒಂದು ಜಿಯೋಜೇಸನ್ (ಜಾಗಗಳ ಮಾಹಿತಿಯ ಜೇಸನ್ ರೂಪ) ಫೈಲು, ನೋಟೊ ಸ್ಯಾನ್ಸ್ ಕನ್ನಡ, ಹಿನ್ನೆಲೆಗೆ ಓಪನ್‌ಸ್ಟ್ರೀಟ್‌ಮ್ಯಾಪ್ ಟೈಲುಗಳು (ನಕ್ಷೆಯ ಚೌಕ ಚಿತ್ರತುಣುಕುಗಳು).

ಕನ್ಸೋಲ್ ಅಲ್ಲ, ನೆಟ್‌ವರ್ಕ್ ಟ್ಯಾಬ್

ಲೋಡಿಂಗ್ ದೋಷ ಬಂದಾಗ ಎಲ್ಲರೂ ಬ್ರೌಸರ್‌ನ ಡೆವಲಪರ್ ಟೂಲ್ಸ್ ತೆರೆದು ಮೊದಲು ಕನ್ಸೋಲ್‌ನ ಕೆಂಪು ಸಾಲು ಓದುತ್ತಾರೆ, ಅದನ್ನೇ ಸರ್ಚ್‌ಗೆ ಹಾಕುತ್ತಾರೆ. ಆದರೆ ಆ ಸಾಲು ಹೇಳುವುದು ಪರಿಣಾಮವನ್ನು. ಕಾರಣ ಇರುವುದು ನೆಟ್‌ವರ್ಕ್ ಟ್ಯಾಬ್‌ನಲ್ಲಿ: ಬ್ರೌಸರ್ ಯಾವ ವಿಳಾಸ ಕೇಳಿತು, ಸರ್ವರ್ ಏನು ಕೊಟ್ಟಿತು. ‘ಡಿಸೇಬಲ್ ಕ್ಯಾಶ್’ ಟಿಕ್ ಮಾಡಿ ಪುಟ ರಿಫ್ರೆಶ್ ಮಾಡಬೇಕು. ತೊಂದರೆ ಕೊಡುವ ಫೈಲಿನ ಮೇಲೆ ಕ್ಲಿಕ್ ಮಾಡಿ ಪೂರ್ತಿ ವಿಳಾಸ, ಸ್ಟೇಟಸ್ ಸಂಖ್ಯೆ, ಫೈಲಿನ ಬಗೆ ಹೇಳುವ ಕಂಟೆಂಟ್-ಟೈಪ್ ಹೆಡರ್ ಮತ್ತು ರೆಸ್ಪಾನ್ಸ್‌ನ ಮೊದಲ ಸಾಲು ನೋಡಬೇಕು. ಯಾರು ಕರೆದದ್ದು ಎಂಬುದನ್ನು ‘ಇನಿಶಿಯೇಟರ್’ ಕಾಲಮ್ ಹೇಳುತ್ತದೆ.

ಉದಾಹರಣೆಗೆ, ‘ಅನ್‌ಎಕ್ಸ್‌ಪೆಕ್ಟೆಡ್ ಟೋಕನ್ <’ ಎಂಬ ಜೇಸನ್ ದೋಷ. ನೋಡಿದರೆ ಜಿಯೋಜೇಸನ್ ಫೈಲಿನಲ್ಲೇ ಏನೋ ಕೆಟ್ಟಿದೆ ಅನಿಸುತ್ತದೆ, ಜನ ಅದನ್ನು ವ್ಯಾಲಿಡೇಟರ್‌ಗೆ ಹಾಕುತ್ತಾ ಕೂರುತ್ತಾರೆ. ಆ ‘<’ ಬಂದಿರುವುದು ಎಚ್‌ಟಿಎಂಎಲ್ ಪುಟದ ಮೊದಲ ಅಕ್ಷರವಾಗಿ. ಫೈಲು ಸಿಗದೆ ಸರ್ವರ್ ತನ್ನ 404 ಪುಟವನ್ನು ಕೊಟ್ಟಿದೆ, ಕೋಡು ಅದನ್ನೇ ಜೇಸನ್ ಎಂದು ಓದಲು ಹೋಗಿದೆ. ‘ಫೇಲ್ಡ್ ಟು ಲೋಡ್ ಮಾಡ್ಯೂಲ್ ಸ್ಕ್ರಿಪ್ಟ್’ ಎಂದು ಶುರುವಾಗಿ ‘ಮೈಮ್ ಟೈಪ್ ಟೆಕ್ಸ್ಟ್/ಎಚ್‌ಟಿಎಂಎಲ್’ ಎಂದು, ಅಂದರೆ ಫೈಲಿನ ಬಗೆಯ ಬಗ್ಗೆ, ದೂರುವ ಸಂದೇಶವೂ ಇದರ ಅಣ್ಣನೇ. ಅದನ್ನು ಕಂಡು ಸರ್ವರ್‌ನ ಮೈಮ್ ಪಟ್ಟಿ ತಿದ್ದಲು ಹೋಗುವುದು ಬಹುತೇಕ ವ್ಯರ್ಥ. ತಪ್ಪಿರುವುದು ಫೈಲಿನ ದಾರಿ (ಪಾತ್).

ಸಿಂಗಲ್ ಪೇಜ್ ಆ್ಯಪ್‌ಗೆ (ಒಂದೇ ಮುಖಪುಟದಿಂದ ಎಲ್ಲ ನಡೆಯುವ ಆ್ಯಪ್) ಹೊಂದಿಸಿದ ಸರ್ವರ್‌ಗಳಲ್ಲಿ ಇದು ಇನ್ನೂ ಮೋಸದ್ದು. ಅಲ್ಲಿ ಇಲ್ಲದ ಫೈಲು ಕೇಳಿದರೂ ಮುಖಪುಟವೇ 200 (ಎಲ್ಲ ಸರಿ) ಸ್ಟೇಟಸ್‌ನೊಂದಿಗೆ ಬರುತ್ತದೆ. ಪಟ್ಟಿಯಲ್ಲಿ ಕೆಂಪು ಕಾಣುವುದೇ ಇಲ್ಲ. ಹಾಗಾಗಿ ಫೆಚ್ ಆದಮೇಲೆ ‘ಓಕೆ’ ಗುಣವನ್ನಷ್ಟೇ ಪರೀಕ್ಷಿಸಿದರೆ ಸಾಲದು, ಕಂಟೆಂಟ್-ಟೈಪ್ ಕೂಡ ನೋಡುವ ಎರಡು ಸಾಲು ಈಗ ಲೋಡರ್ ಫಂಕ್ಷನ್‌ಗೆ ಸೇರಿವೆ.

ಬೇಸ್ ಪಾತ್

ಗಿಟ್‌ಹಬ್ ಪೇಜಸ್‌ನಲ್ಲಿ ಪ್ರಾಜೆಕ್ಟ್ ಸೈಟು ಡೊಮೇನ್‌ನ ಬುಡದಲ್ಲಿ ಇರುವುದಿಲ್ಲ, ರೆಪೊಸಿಟರಿ ಹೆಸರಿನ ಫೋಲ್ಡರಿನಲ್ಲಿ ಇರುತ್ತದೆ. ‘/ಡೇಟಾ/ಕೆರೆ.ಜಿಯೋಜೇಸನ್’ ಎಂದು ಬರೆದರೆ ಬ್ರೌಸರ್ ಡೊಮೇನ್ ಬುಡದಿಂದ ಹುಡುಕುತ್ತದೆ. ಲೋಕಲ್‌ನಲ್ಲಿ ಬುಡವೂ ಪ್ರಾಜೆಕ್ಟೂ ಒಂದೇ ಆದ್ದರಿಂದ ಸಿಗುತ್ತದೆ, ಪೇಜಸ್‌ನಲ್ಲಿ ಸಿಗುವುದಿಲ್ಲ.

ಮಾಡಿದ್ದು: ವೀಟ್ ಕಾನ್ಫಿಗ್‌ನಲ್ಲಿ ‘ಬೇಸ್’ ಮೌಲ್ಯವನ್ನು ‘/ಕೆರೆ-ನಕ್ಷೆ/’ ಮಾಡಿದ್ದು. ಹಿಂದೆ ಮುಂದೆ ಎರಡೂ ಸ್ಲ್ಯಾಶ್ ಬೇಕು. ಇದಾದಮೇಲೆ ಎಚ್‌ಟಿಎಂಎಲ್‌ನಲ್ಲಿರುವ ದಾರಿಗಳನ್ನೂ ಸಿಎಸ್‌ಎಸ್‌ನ ಯುಆರ್‌ಎಲ್‌ಗಳನ್ನೂ ವೀಟ್ ತಾನೇ ತಿದ್ದುತ್ತದೆ. ಜಾವಾಸ್ಕ್ರಿಪ್ಟ್ ಒಳಗೆ ಸ್ಟ್ರಿಂಗ್ ಆಗಿ ಬರೆದ ದಾರಿಯನ್ನು ಮಾತ್ರ ಮುಟ್ಟುವುದಿಲ್ಲ, ಯಾವ ಸ್ಟ್ರಿಂಗ್ ಫೈಲಿನ ದಾರಿ ಎಂದು ಅದಕ್ಕೆ ತಿಳಿಯುವ ಬಗೆ ಇಲ್ಲ. ಅಲ್ಲಿ ಎರಡು ಉಪಾಯ. ಒಂದು, ‘ಇಂಪೋರ್ಟ್.ಮೆಟಾ.ಎನ್ವ್.ಬೇಸ್_ಯುಆರ್‌ಎಲ್’ ಅನ್ನು ಮುಂದೆ ಅಂಟಿಸುವುದು. ‘ಬೇಸ್’ ಮೌಲ್ಯದ ಕೊನೆಗೆ ಸ್ಲ್ಯಾಶ್ ಕೊಟ್ಟಿರುವುದರಿಂದ ಅದರಲ್ಲೂ ಇರುತ್ತದೆ, ಇನ್ನೊಂದು ಹಾಕಬೇಡಿ. ಚೌಕ ಬ್ರಾಕೆಟ್‌ನಲ್ಲಿ ಕೀ ಕೊಟ್ಟು ಓದಲು ಹೋದರೂ ಕೆಲಸ ಮಾಡದು, ಬಿಲ್ಡ್ ವೇಳೆ ಆ ಅಕ್ಷರಗಳನ್ನೇ ಹುಡುಕಿ ಬದಲಿಸಲಾಗುತ್ತದೆ. ಇನ್ನೊಂದು, ಫೈಲನ್ನು ‘ಪಬ್ಲಿಕ್’ ಫೋಲ್ಡರಿನಿಂದ ‘ಎಸ್‌ಆರ್‌ಸಿ’ಗೆ ತಂದು, ಹೆಸರಿನ ಕೊನೆಗೆ ‘?ಯುಆರ್‌ಎಲ್’ ಸೇರಿಸಿ ಇಂಪೋರ್ಟ್ ಮಾಡುವುದು.

ಎರಡನೆಯದೇ ಮೇಲು. ಫೈಲಿನ ಹೆಸರಿಗೆ ಹ್ಯಾಶ್ (ಒಳಗಿನದು ಬದಲಾದರೆ ತಾನೂ ಬದಲಾಗುವ ಅಕ್ಷರಗುಚ್ಛ) ಸೇರುವುದರಿಂದ ಹಳೆಯ ಕ್ಯಾಶ್ ಕಾಡುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಫೈಲು ಇಲ್ಲದಿದ್ದರೆ ಬಿಲ್ಡೇ ನಿಲ್ಲುತ್ತದೆ, ಓದುಗರ ಪುಟ ಒಡೆಯುವುದಿಲ್ಲ.

ಪರೀಕ್ಷೆಗೆ ಡೆವ್ ಸರ್ವರ್ ನಂಬಬಾರದು. ಬಿಲ್ಡ್ ಮಾಡಿ, ‘ವೀಟ್ ಪ್ರಿವ್ಯೂ’ ಓಡಿಸಿ, 4173 ಪೋರ್ಟಿನಲ್ಲಿ ಬೇಸ್ ಸಮೇತ ತೆರೆಯಬೇಕು. ಬಿಲ್ಡ್ ಆದದ್ದು ಇರುವ ‘ಡಿಸ್ಟ್’ ಫೋಲ್ಡರಿನ ಮುಖಪುಟವನ್ನು ನೇರ ಡಬಲ್ ಕ್ಲಿಕ್ ಮಾಡಿದರೆ ಬರುವುದು ಬಿಳಿ ಪುಟ. ಮಾಡ್ಯೂಲ್ ಸ್ಕ್ರಿಪ್ಟ್‌ಗಳಿಗೆ ಕಾರ್ಸ್ (ಬೇರೆ ಮೂಲದ ಫೈಲು ತರಲು ಅನುಮತಿ ಬೇಕೆಂಬ) ನಿಯಮ ಕಡ್ಡಾಯ, ಡಿಸ್ಕಿನಿಂದ ತೆರೆದ ಪುಟದ ಒರಿಜಿನ್ ‘ನಲ್’ ಆಗಿರುವುದರಿಂದ ಬ್ರೌಸರ್ ತಡೆಯುತ್ತದೆ.

ಬ್ರಾಂಚ್‌ನಿಂದ ನೇರ ಪಬ್ಲಿಶ್ ಮಾಡುವವರಿಗೆ ಇನ್ನೊಂದು ತೊಡಕು: ಅಂಡರ್‌ಸ್ಕೋರ್‌ನಿಂದ ಶುರುವಾಗುವ ಫೈಲುಗಳನ್ನು ಪೇಜಸ್‌ನ ಸೈಟು ಕಟ್ಟುವ ಸಾಧನ ಜೆಕಿಲ್ ಬಿಟ್ಟುಬಿಡುತ್ತದೆ. ‘.ನೋಜೆಕಿಲ್’ ಎಂಬ ಖಾಲಿ ಫೈಲು ಬುಡದಲ್ಲಿಟ್ಟರೆ ಮುಗಿಯಿತು.

ಮಾರ್ಕರ್ ಚಿತ್ರ ಬರದಿರುವುದು

ಲೀಫ್‌ಲೆಟ್ ಅನ್ನು ಬಂಡ್ಲರ್ ಜೊತೆ ಬಳಸಿದವರೆಲ್ಲ ಕಂಡ ದೋಷ ಇದು: ಪಿನ್ ಇರಬೇಕಾದ ಜಾಗದಲ್ಲಿ ಒಡೆದ ಚಿತ್ರದ ಗುರುತು.

ಡೀಫಾಲ್ಟ್ ಐಕಾನ್ ಎಲ್ಲಿದೆ ಎಂದು ಲೀಫ್‌ಲೆಟ್‌ಗೆ ಯಾರೂ ಹೇಳುವುದಿಲ್ಲ, ಅದು ಊಹಿಸುತ್ತದೆ. ‘ಲೀಫ್‌ಲೆಟ್-ಡೀಫಾಲ್ಟ್-ಐಕಾನ್-ಪಾತ್’ ಎಂಬ ಕ್ಲಾಸ್ ಹಾಕಿದ ಒಂದು ಡಿವ್ ಅನ್ನು ಪುಟಕ್ಕೆ ಸೇರಿಸಿ, ಸಿಎಸ್‌ಎಸ್‌ನಿಂದ ಅದಕ್ಕೆ ಬಂದ ಹಿನ್ನೆಲೆ ಚಿತ್ರದ ವಿಳಾಸ ಓದಿ, ಡಿವ್ ಅನ್ನು ಕಿತ್ತುಹಾಕುತ್ತದೆ. ವಿಳಾಸದ ಕೊನೆಯ ‘ಮಾರ್ಕರ್-ಐಕಾನ್.ಪಿಎನ್‌ಜಿ’ ತೆಗೆದರೆ ಉಳಿಯುವುದು ಫೋಲ್ಡರಿನ ದಾರಿ. ಸಿಡಿಎನ್‌ನಿಂದ (ಲೈಬ್ರರಿ ಹಂಚುವ ಬೇರೆಯವರ ಸರ್ವರ್) ತಂದಾಗ ಈ ಉಪಾಯ ಚೆನ್ನಾಗಿಯೇ ನಡೆಯುತ್ತದೆ. ಬಂಡ್ಲರ್ ನಡುವೆ ಬಂದರೆ ಕೆಡುತ್ತದೆ. ವೀಟ್ 4096 ಬೈಟ್‌ಗಿಂತ ಚಿಕ್ಕ ಚಿತ್ರಗಳನ್ನು ಬೇಸ್64 (ಅಕ್ಷರರೂಪಕ್ಕೆ ತಂದ ಚಿತ್ರ) ಆಗಿ ಸಿಎಸ್‌ಎಸ್ ಒಳಗೇ ತುಂಬುತ್ತದೆ. ಈ ಪಿನ್ ಚಿತ್ರ ಆ ಮಿತಿಗಿಂತ ಬಹಳ ಚಿಕ್ಕದು. ಅಲ್ಲಿಗೆ ವಿಳಾಸದಲ್ಲಿ ಆ ಹೆಸರೇ ಇಲ್ಲ. ಮಿತಿಯನ್ನು ಸೊನ್ನೆ ಮಾಡಿದರೂ ಹೆಸರಿನ ನಡುವೆ ಹ್ಯಾಶ್ ಬರುವುದರಿಂದ ಹೊಂದಿಕೆ ಆಗದು. 1.9.4 ಆಗ ಖಾಲಿ ದಾರಿ ಹಿಡಿದು, ಪುಟದ ಪಕ್ಕದಲ್ಲೇ ಚಿತ್ರ ಕೇಳಿ 404 ತಿನ್ನುತ್ತದೆ. ಹಳೆಯ ಆವೃತ್ತಿಗಳಲ್ಲಾದರೆ ಬೇಸ್64 ಸ್ಟ್ರಿಂಗಿನ ಬಾಲಕ್ಕೆ ಚಿತ್ರದ ಹೆಸರು ಅಂಟಿಕೊಂಡ ವಿಚಿತ್ರ ವಿಳಾಸ ಕಾಣಿಸುತ್ತದೆ.

ಎಲ್ಲೆಡೆ ಓಡಾಡುವ ಪರಿಹಾರ ಎಂದರೆ ಡೀಫಾಲ್ಟ್ ಐಕಾನ್‌ನ ಪ್ರೊಟೊಟೈಪ್‌ನಿಂದ ‘_ಗೆಟ್‌ಐಕಾನ್‌ಯುಆರ್‌ಎಲ್’ ಅಳಿಸಿ, ‘ಮರ್ಜ್‌ಆಪ್ಷನ್ಸ್’ನಲ್ಲಿ ಮೂರು ಚಿತ್ರ ಕೊಡುವುದು. ಅಳಿಸುವುದು ಯಾಕೆಂದರೆ, ಆ ಫಂಕ್ಷನ್ ಇದ್ದಷ್ಟು ಕಾಲ ನೀವು ಕೊಟ್ಟ ವಿಳಾಸದ ಮುಂದೆಯೂ ತಾನು ಊಹಿಸಿದ ಫೋಲ್ಡರನ್ನು ಸೇರಿಸುತ್ತದೆ. ಕೆಲಸ ಆಗುತ್ತದೆ, ಆದರೆ ಲೈಬ್ರರಿಯ ಒಳಗಿನ ಖಾಸಗಿ ಫಂಕ್ಷನ್‌ಗೆ ಕೈ ಹಾಕಿದಂತೆ. ಇಲ್ಲಿ ಬಳಸಿದ್ದು ಸ್ವಂತ ‘ಎಲ್.ಐಕಾನ್’. ಮೂರು ಚಿತ್ರಗಳನ್ನು ಇಂಪೋರ್ಟ್ ಮಾಡಿ, ಅಳತೆಗಳನ್ನು ಮೂಲದಂತೆಯೇ ಇಡಲಾಗಿದೆ: ಐಕಾನ್ 25×41, ಆ್ಯಂಕರ್ 12,41, ಪಾಪಪ್ ಆ್ಯಂಕರ್ 1,-34, ನೆರಳು 41×41. ಆ್ಯಂಕರ್ ಬಿಟ್ಟರೆ ಪಿನ್ನಿನ ಚೂಪು ತುದಿ ಕೆರೆಯ ಮೇಲೆ ನಿಲ್ಲದು, ಜೂಮ್ ಔಟ್ ಮಾಡಿದಷ್ಟೂ ಹೆಬ್ಬಾಳದ ಪಿನ್ ಬೇರೆ ಬಡಾವಣೆಗೆ ಹೋಗುತ್ತದೆ. ಜಿಯೋಜೇಸನ್ ಪದರಕ್ಕೆ ಈ ಐಕಾನ್ ತಾನಾಗಿ ಹತ್ತುವುದಿಲ್ಲ, ‘ಪಾಯಿಂಟ್‌ಟುಲೇಯರ್’ ಫಂಕ್ಷನ್‌ನಲ್ಲಿ ಹೇಳಬೇಕು.

‘ಮಾರ್ಕರ್‌ಕ್ಲಸ್ಟರ್‌ಗ್ರೂಪ್ ಈಸ್ ನಾಟ್ ಎ ಫಂಕ್ಷನ್’

ಕ್ಲಸ್ಟರ್ ಪ್ಲಗಿನ್ ತಾನಾಗಿ ಲೀಫ್‌ಲೆಟ್ ಅನ್ನು ಇಂಪೋರ್ಟ್ ಮಾಡುವುದಿಲ್ಲ, ಗ್ಲೋಬಲ್ ‘ಎಲ್’ ಇದೆ ಎಂದು ನಂಬಿ ಅದಕ್ಕೇ ತನ್ನ ಫಂಕ್ಷನ್ ತಗುಲಿಸುತ್ತದೆ. 1.9.4 ಲೋಡ್ ಆದಾಗ ‘ವಿಂಡೋ.ಎಲ್’ ಇಡುತ್ತದೆ, ಹಾಗಾಗಿ ಲೀಫ್‌ಲೆಟ್ ಮೊದಲು, ಪ್ಲಗಿನ್ ಆಮೇಲೆ ಇಂಪೋರ್ಟ್ ಆದರೆ ಸಾಕು. ಕೆಡಿಸುವುದು ಇಂಪೋರ್ಟ್ ಸಾಲುಗಳನ್ನು ತಾನಾಗಿ ಜೋಡಿಸುವ ಫಾರ್ಮ್ಯಾಟರ್. ಅದು ಕ್ರಮ ಬದಲಿಸಿದರೆ ‘ಎಲ್ ಈಸ್ ನಾಟ್ ಡಿಫೈನ್ಡ್’. ನಡುವೆ ‘ವಿಂಡೋ.ಎಲ್ = ಎಲ್’ ಎಂದು ಬರೆದೂ ಪ್ರಯೋಜನವಿಲ್ಲ: ಒಂದು ಫೈಲಿನ ಎಲ್ಲ ಇಂಪೋರ್ಟ್‌ಗಳೂ ಮೊದಲು ಓಡುತ್ತವೆ, ಆಮೇಲೆ ಉಳಿದ ಸಾಲುಗಳು. ‘ನಕ್ಷೆ-ಬುಡ’ ಎಂಬ ಪುಟ್ಟ ಫೈಲಿನಲ್ಲಿ ಲೀಫ್‌ಲೆಟ್ ತಂದು, ಇಡೀ ಆ್ಯಪ್‌ನಲ್ಲಿ ಅದನ್ನೇ ಮೊದಲು ಕರೆದು, ಆ ಸಾಲಿನ ಮೇಲೆ ಫಾರ್ಮ್ಯಾಟರ್ ಮುಟ್ಟಬಾರದು ಎಂಬ ಕಾಮೆಂಟ್ ಹಾಕಿದೆ.

ಎರಡನೇ ಕಾರಣ, ಎರಡು ಪ್ರತಿ. ಹಳೆಯ ಮುಖಪುಟದಲ್ಲಿ ಲೀಫ್‌ಲೆಟ್ ಮತ್ತು ಪ್ಲಗಿನ್‌ನ ಸಿಡಿಎನ್ ಟ್ಯಾಗ್‌ಗಳು ಉಳಿದಿದ್ದು, ಎನ್‌ಪಿಎಂ ಎಂಬ ಪ್ಯಾಕೇಜ್ ಭಂಡಾರದಿಂದಲೂ ಲೀಫ್‌ಲೆಟ್ ಬಂದರೆ, ಪ್ಲಗಿನ್ ಅಂಟಿಕೊಂಡಿರುವುದು ಮೊದಲ ಪ್ರತಿಗೆ, ಕೋಡು ಕರೆಯುವುದು ಎರಡನೆಯದನ್ನು. ನೆಟ್‌ವರ್ಕ್ ಟ್ಯಾಬ್‌ನಲ್ಲಿ ‘ಲೀಫ್‌ಲೆಟ್’ ಎಂದು ಫಿಲ್ಟರ್ ಮಾಡಿದರೆ ಗೊತ್ತಾಗುತ್ತದೆ. 2025ರಲ್ಲಿ ಬಂದ 2.0 ಆಲ್ಫಾದಲ್ಲಿ ಗ್ಲೋಬಲ್ ‘ಎಲ್’ ಇಲ್ಲ, ಹಾಗಾಗಿ ಈ ಪ್ಲಗಿನ್ ಬೇಕಿರುವ ತನಕ 1.9.4ರಲ್ಲೇ ಇರುವುದು.

ಸಿಡಿಎನ್ ಟ್ಯಾಗ್‌ಗಳನ್ನು ಪೂರ್ತಿ ತೆಗೆದಿದೆ. ಆವೃತ್ತಿ ಬದಲಿಸಿ, ಫೈಲು ಅದೇನಾ ಎಂದು ಪರೀಕ್ಷಿಸುವ ‘ಇಂಟೆಗ್ರಿಟಿ’ ಹ್ಯಾಶ್ ಬದಲಿಸದಿದ್ದರೆ ಬ್ರೌಸರ್ ಸ್ಕ್ರಿಪ್ಟನ್ನು ಓಡಿಸುವುದೇ ಇಲ್ಲ; ಹ್ಯಾಶ್ ಇಲ್ಲದೆ ಇಟ್ಟರೆ ಬೇರೆಯವರ ಡೊಮೇನ್ ಕೈ ಬದಲಾದಾಗ ಏನಾಗುತ್ತದೆ ಎಂಬುದನ್ನು 2024ರ ಪಾಲಿಫಿಲ್.ಐಒ ಪ್ರಕರಣ (ಮಾರಾಟವಾದ ಡೊಮೇನ್‌ನಿಂದ ಕೆಟ್ಟ ಕೋಡು ಹರಿದದ್ದು) ತೋರಿಸಿದೆ.

ಕನ್ನಡ ಫಾಂಟು

ಫಾಂಟ್ ಫೈಲು ಸಣ್ಣದಾಗಲಿ ಎಂದು ಫಾಂಟ್‌ಟೂಲ್ಸ್‌ನ ಪೈಎಫ್‌ಟಿಸಬ್‌ಸೆಟ್ ಬಳಸಿ ಕತ್ತರಿಸಿದೆ. ವಾಫ್2 (ಕುಗ್ಗಿಸಿದ ವೆಬ್ ಫಾಂಟ್ ರೂಪ) ಬೇಕಿದ್ದರೆ ಪೈಥಾನ್‌ನ ಬ್ರಾಟ್ಲಿ ಮಾಡ್ಯೂಲ್ ಕೂಡ ಇನ್‌ಸ್ಟಾಲ್ ಆಗಿರಬೇಕು. ಕನ್ನಡದ ಯೂನಿಕೋಡ್ ಬ್ಲಾಕ್ 0ಸಿ80ರಿಂದ 0ಸಿಎಫ್‌ಎಫ್. ಇಷ್ಟನ್ನೇ ಕೊಟ್ಟು ಸುಮ್ಮನಾದರೆ ತೊಂದರೆ. 200ಸಿ ಮತ್ತು 200ಡಿ, ಅಂದರೆ ಕಣ್ಣಿಗೆ ಕಾಣದ ನಾನ್‌ಜಾಯ್ನರ್ ಮತ್ತು ಜಾಯ್ನರ್, ಹೊರಗೆ ಉಳಿಯುತ್ತವೆ. ‘ಟ್ಯಾಂಕ್‌ಬಂಡ್’ ಎಂಬಲ್ಲಿ ಕ ಅರ್ಧಾಕ್ಷರವಾಗಿ ನಿಂತಿರುವುದು ನಾನ್‌ಜಾಯ್ನರ್‌ನಿಂದ, ಇಲ್ಲದಿದ್ದರೆ ‘ಟ್ಯಾಂಕ್ಬಂಡ್’. ‘ರ‍್ಯಾಂಪ್’ ಸರಿಯಾಗಿ ಕಾಣುವುದು ಜಾಯ್ನರ್‌ನಿಂದ, ಇಲ್ಲದಿದ್ದರೆ ಅರ್ಕಾವತ್ತಿನ ‘ರ್ಯಾಂಪ್’. ಈ ಎರಡು ಕೋಡು ಫಾಂಟಿನಲ್ಲೋ ಸಿಎಸ್‌ಎಸ್‌ನ ‘ಯೂನಿಕೋಡ್-ರೇಂಜ್’ನಲ್ಲೋ ಇಲ್ಲದಿದ್ದರೆ ಬ್ರೌಸರ್ ಪದದ ನಡುವೆ ಬೇರೆ ಫಾಂಟಿಗೆ ಹಾರಿ, ಪದ ತುಂಡಾಗಿ ಕಾಣಬಹುದು. ದೋಷದ ಸಂದೇಶ ಎಲ್ಲೂ ಬರುವುದಿಲ್ಲ, ನೆಟ್‌ವರ್ಕ್ ಟ್ಯಾಬೂ ಇಲ್ಲಿ ಮೌನ. ಎರಡೂ ಕಡೆ 200ಸಿ, 200ಡಿ, ರೂಪಾಯಿ ಚಿಹ್ನೆಯ 20ಬಿ9 ಸೇರಿಸಿ, ‘ಲೇಔಟ್-ಫೀಚರ್ಸ್’ಗೆ ನಕ್ಷತ್ರ ಚಿಹ್ನೆ ಕೊಟ್ಟಿದೆ, ಒತ್ತಕ್ಷರದ ಯಾವ ನಿಯಮವೂ ಕತ್ತರಿಸಿ ಹೋಗದಿರಲೆಂದು.

ಫಾಂಟನ್ನು ಮೊದಲೇ ತರಿಸುವ ಪ್ರಿಲೋಡ್ ಟ್ಯಾಗ್‌ಗೆ ‘ಕ್ರಾಸ್‌ಒರಿಜಿನ್’ ಗುಣ ಬೇಕೇ ಬೇಕು, ಫಾಂಟು ನಮ್ಮದೇ ಡೊಮೇನ್‌ನಲ್ಲಿದ್ದರೂ. ಇಲ್ಲದಿದ್ದರೆ ಅದೇ ಫೈಲು ಎರಡು ಸಲ ಡೌನ್‌ಲೋಡ್ ಆಗುತ್ತದೆ. ಪಟ್ಟಿಯಲ್ಲಿ ಒಂದೇ ಹೆಸರು ಎರಡು ಸಲ ಕಂಡರೆ ಇದೇ.

ಚಿಲ್ಲರೆ ವಿಷಯಗಳು

‘ಹಲಸೂರು.ಜೆಪಿಜಿ’ಯ ಇಂಗ್ಲಿಷ್ ಹೆಸರಿನಲ್ಲಿ ಒಂದು ಅಕ್ಷರ ಕ್ಯಾಪಿಟಲ್, ಕೋಡಿನಲ್ಲಿ ಸ್ಮಾಲ್. ವಿಂಡೋಸ್, ಮ್ಯಾಕ್ ಎರಡೂ ಡೀಫಾಲ್ಟ್ ಆಗಿ ಇದನ್ನು ಕಡೆಗಣಿಸುತ್ತವೆ, ಲಿನಕ್ಸ್ ಸರ್ವರ್ ಬಿಡುವುದಿಲ್ಲ. ಫೈಲ್ ಮ್ಯಾನೇಜರ್‌ನಲ್ಲಿ ಹೆಸರು ಬದಲಿಸಿದರೆ ಗಿಟ್ ಗಮನಿಸದೆಯೂ ಇರಬಹುದು. ‘ಗಿಟ್ ಎಂವಿ’ಯಿಂದ ನಡುವೆ ಬೇರೊಂದು ಹೆಸರು ಕೊಟ್ಟು ಎರಡು ಹೆಜ್ಜೆಯಲ್ಲಿ ಬದಲಿಸುವುದು ಖಚಿತ.

ಟೈಲುಗಳು ಚೆಲ್ಲಾಪಿಲ್ಲಿಯಾಗಿ ಕಂಡರೆ ಲೀಫ್‌ಲೆಟ್‌ನ ಸಿಎಸ್‌ಎಸ್ ಬಂದಿಲ್ಲ. ನಕ್ಷೆಯೇ ಕಾಣದಿದ್ದರೆ ಕಂಟೇನರ್‌ನ ಎತ್ತರ ಸೊನ್ನೆ. ಟೈಲಿಗೆ 403 (ನಿರಾಕರಣೆ) ಬಂದರೆ ‘ರೆಫರರ್-ಪಾಲಿಸಿ’ ನೋಡಿ: ಓಪನ್‌ಸ್ಟ್ರೀಟ್‌ಮ್ಯಾಪ್‌ನ ಟೈಲ್ ನೀತಿ ಸರಿಯಾದ ರೆಫರರ್ (ಯಾವ ಸೈಟಿನಿಂದ ಕೇಳಿದ್ದು ಎಂಬ ಮಾಹಿತಿ) ಕೇಳುತ್ತದೆ, ‘ನೋ-ರೆಫರರ್’ ಹಾಕಿದ ಪುಟ ಅದನ್ನು ಕಳಿಸುವುದಿಲ್ಲ.

ಲೋಡ್ ದೋಷದ ವೇಷ ಹಾಕಿದ ಇನ್ನೊಂದಿದೆ. ಜಿಯೋಜೇಸನ್‌ನಲ್ಲಿ ರೇಖಾಂಶ ಮೊದಲು, ಲೀಫ್‌ಲೆಟ್‌ನ ಮಾರ್ಕರ್‌ಗೆ ಅಕ್ಷಾಂಶ ಮೊದಲು. ಕೈಯಾರೆ ಮಾರ್ಕರ್ ಮಾಡುವಾಗ ಅದಲುಬದಲಾದರೆ 12.97, 77.59 ಎಂಬ ಬೆಂಗಳೂರು ಉತ್ತರ ಧ್ರುವದ ಕಡೆಗೆ, ಸ್ವಾಲ್‌ಬಾರ್ಡ್ ಹತ್ತಿರದ ಸಮುದ್ರಕ್ಕೆ ಹೋಗುತ್ತದೆ. ಫೈಲು 200, ಕನ್ಸೋಲ್ ಶುದ್ಧ, ಕೆರೆ ಮಾತ್ರ ಇಲ್ಲ.

ಬಾಕಿ

ವಿವರದ ಪುಟ ಡೈನಮಿಕ್ ಇಂಪೋರ್ಟ್‌ನಲ್ಲಿ, ಅಂದರೆ ಬೇಕಾದಾಗ ಮಾತ್ರ, ಬರುತ್ತದೆ. ಹೊಸ ಡಿಪ್ಲಾಯ್‌ನಲ್ಲಿ ಹ್ಯಾಶ್ ಬದಲಾಗಿ ಹಳೆಯ ಚಂಕ್ (ಆ ಪುಟದ ಕೋಡಿನ ತುಂಡು) ಅಳಿದುಹೋದರೆ, ತೆರೆದೇ ಇದ್ದ ಟ್ಯಾಬ್ ಅದನ್ನು ಕೇಳಿ ಸೋಲುತ್ತದೆ. ‘ವೀಟ್:ಪ್ರಿಲೋಡ್‌ಎರರ್’ ಈವೆಂಟ್ ಹಿಡಿದು ಪುಟ ರಿಲೋಡ್ ಮಾಡುವ ಕೋಡು ಸೇರಿದೆ. ಸೆಷನ್ ಸ್ಟೋರೇಜ್‌ನಲ್ಲಿ ಗುರುತು ಇಟ್ಟು ಒಂದೇ ಸಲ ರಿಲೋಡ್ ಆಗುವಂತೆ ಮಾಡಿದೆ, ಇಲ್ಲದಿದ್ದರೆ ಫೈಲು ನಿಜಕ್ಕೂ ಇಲ್ಲದಾಗ ಪುಟ ಸುತ್ತುತ್ತಲೇ ಇರುತ್ತದೆ.

ಅರ್ಧ ಎಂದದ್ದು ಇದಕ್ಕೆ: ಮುಖಪುಟಕ್ಕೆ ‘ನೋ-ಕ್ಯಾಶ್’, ಹ್ಯಾಶ್ ಇರುವ ಫೈಲುಗಳಿಗೆ ಒಂದು ವರ್ಷದ ‘ಇಮ್ಯೂಟಬಲ್’ (ಬದಲಾಗದು) ಎಂಬ ಕ್ಯಾಶ್ ಹೆಡರ್ ಇರಬೇಕು, ಆದರೆ ಗಿಟ್‌ಹಬ್ ಪೇಜಸ್‌ನಲ್ಲಿ ಹೆಡರ್ ಬದಲಿಸಲು ಬಾರದು, ಎಲ್ಲಕ್ಕೂ 600 ಸೆಕೆಂಡಿನ ಕ್ಯಾಶ್. ಡಿಪ್ಲಾಯ್ ಆದ ಮೊದಲ 10 ನಿಮಿಷ ರಿಲೋಡ್ ಮಾಡಿದರೂ ಹಳೆಯ ಮುಖಪುಟವೇ ಬರಬಹುದು. ಹಿಂದಿನ ಬಿಲ್ಡ್‌ನ ಅಸೆಟ್‌ಗಳನ್ನೂ ಹೊಸದರ ಜೊತೆ ಉಳಿಸಿಕೊಳ್ಳುವ ಗಿಟ್‌ಹಬ್ ಆ್ಯಕ್ಷನ್ (ತಾನಾಗಿ ಓಡುವ ಡಿಪ್ಲಾಯ್ ಕೆಲಸ) ಹೆಜ್ಜೆ ಮುಂದಿನ ಕೆಲಸ. ಅದು ಆಗುವವರೆಗೆ ಸರ್ವಿಸ್ ವರ್ಕರ್ (ಬ್ರೌಸರ್‌ನಲ್ಲೇ ಕೂತು ಫೈಲುಗಳನ್ನು ಕ್ಯಾಶ್ ಮಾಡಬಲ್ಲ ಸ್ಕ್ರಿಪ್ಟು) ಸೇರಿಸುವುದಿಲ್ಲ.